ನಾಯಿಫ್‌ನ ರೂಮು, ಮಳವಳ್ಳಿಯ ಬೀದಿ

2020ರ ಮೇ ತಿಂಗಳಲ್ಲಿ ಗಲ್ಫ್‌ನಿಂದ ಮಂಗಳೂರಿಗೆ ಮತ್ತೆ ವಿಮಾನ ಬರಲು ಶುರುವಾಯಿತು. ಮೇ 12ರ ರಾತ್ರಿ ದುಬೈಯಿಂದ ಬಂದಿಳಿದ ಮೊದಲ ವಿಮಾನದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಗರ್ಭಿಣಿಯರು, ವಯಸ್ಸಾದವರು, ಕೆಲಸ ಕಳಕೊಂಡವರು, ವಿಸಿಟ್ ವೀಸಾದಲ್ಲಿ ಹೋಗಿ ಸಿಕ್ಕಿಹಾಕಿಕೊಂಡವರು. ಕೆಲವೇ ದಿನಗಳಲ್ಲಿ ಅವರಲ್ಲಿ ಇಪ್ಪತ್ತರಷ್ಟು ಮಂದಿಗೆ ಪಾಸಿಟಿವ್ ಬಂತು. ಅಲ್ಲಿಯವರೆಗೆ 'ನಮ್ಮ ಮಕ್ಕಳನ್ನು ಊರಿಗೆ ತನ್ನಿ' ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕುತ್ತಿದ್ದವರೇ ಮರುದಿನದಿಂದ 'ಆ ವಿಮಾನದಲ್ಲಿ ಬಂದವರ ಪಟ್ಟಿ ಯಾರ ಹತ್ರ ಇದೆ?' ಎಂದು ಕೇಳತೊಡಗಿದರು. ಕೇಳಿದವರು ಬೇರೆ ಯಾರೂ ಅಲ್ಲ, ನಮ್ಮ ಜಮಾಅತ್‌ನ ಗ್ರೂಪ್‌ಗಳಲ್ಲಿ ಇರುವವರೇ.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಬೇಕರಿ, ಹೋಟೆಲ್, ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಕರಾವಳಿಯ ನಮ್ಮವರ ಮನೆಗಳು ಲೆಕ್ಕಕ್ಕೆ ಹೆಚ್ಚೇನಿಲ್ಲ. ಆದರೆ ಇರುವ ಮನೆಗಳಲ್ಲಿ ತಮ್ಮನೋ ಭಾವನೋ ಅಳಿಯನೋ ಗಲ್ಫ್‌ನಲ್ಲಿ ಇಲ್ಲದ ಮನೆ ಕಡಿಮೆ. ಇಲ್ಲಿ ಮದ್ರಸದಲ್ಲಿ ಕಲಿಸುವ ನನಗೆ ಮಾರ್ಚ್ ಕೊನೆಯಿಂದ ಇಲ್ಲಿಯವರೆಗೆ ಪಕ್ಕದ ಬೀದಿಯಿಂದ ಬಂದ ಫೋನಿಗಿಂತ ದೇರಾದಿಂದ ಬಂದ ಫೋನೇ ಹೆಚ್ಚು. ಕೆಲವರು ದುಆ ಮಾಡಿ ಎನ್ನಲು, ಕೆಲವರು ಮನೆಯವರಿಗೆ ಹೇಳಲಾಗದ್ದನ್ನು ಹೇಳಲು. ಆ ಮಾತುಗಳಿಂದ ನನಗೆ ತಿಳಿದದ್ದು ಇಷ್ಟು: ಈ ರೋಗವನ್ನು ನಾವು ದೇಶದ ಹೆಸರಲ್ಲಿ, ಧರ್ಮದ ಹೆಸರಲ್ಲಿ, ಊರಿನ ಹೆಸರಲ್ಲಿ ಎಣಿಸುತ್ತಿದ್ದೆವು. ಅದು ಮಾತ್ರ ರೂಮಿನ ಲೆಕ್ಕದಲ್ಲಿ ಹೋಗುತ್ತಿತ್ತು.

ನಾಯಿಫ್ ಎಂದರೆ ದುಬೈಯ ದೇರಾ ಭಾಗದ ಹಳೇ ಪೇಟೆ. ಚಿನ್ನದ ಅಂಗಡಿಗಳ ಸೂಕ್‌ಗೆ ಅಲ್ಲಿಂದ ನಡೆದೇ ಹೋಗಬಹುದು. ಟಿವಿಯಲ್ಲಿ ತೋರಿಸುವ ದುಬೈ ಇದಲ್ಲ. ಇಕ್ಕಟ್ಟಾದ ಗಲ್ಲಿ, ಕೆಳಗೆ ಗ್ರೋಸರಿ, ಕೆಫೆಟೇರಿಯಾ, ಮೊಬೈಲ್ ಅಂಗಡಿ, ಮೇಲೆ ರೂಮುಗಳು. ಒಂದು ರೂಮಿನಲ್ಲಿ ನಾಲ್ಕು ಬಂಕ್ ಬೆಡ್, ಕೆಳಗೊಬ್ಬ, ಮೇಲೊಬ್ಬ, ಒಟ್ಟು ಎಂಟು ಜನ. ಕೆಲವು ಕಡೆ ಇನ್ನೂ ಹೆಚ್ಚು. ಬಾಡಿಗೆ ರೂಮಿಗಲ್ಲ, ಬೆಡ್‌ಗೆ. ಅದಕ್ಕೇ ಅದರ ಹೆಸರು 'ಬೆಡ್‌ಸ್ಪೇಸ್'. ಕಾಸರಗೋಡು, ಮಂಜೇಶ್ವರ, ಉಳ್ಳಾಲ, ಪುತ್ತೂರು ಕಡೆಯ ಹುಡುಗರು ಊರಿನಿಂದ ಹೋದ ಕೂಡಲೇ ಚೀಲ ಇಡುವ ಜಾಗ ಅದು.

ಈ ರೂಮು ಎಂಟು ಜನರಿಗೆ ಸಾಕಾಗುತ್ತಿದ್ದದ್ದು ಒಂದೇ ಕಾರಣಕ್ಕೆ: ಎಂಟೂ ಜನ ಒಂದೇ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ. ಕೆಫೆಟೇರಿಯಾದವನು ನಸುಕಿಗೇ ಎದ್ದು ಹೋಗುತ್ತಾನೆ, ಅಂಗಡಿಯವನು ರಾತ್ರಿ ಹನ್ನೊಂದಕ್ಕೆ ಬರುತ್ತಾನೆ, ಸೆಕ್ಯುರಿಟಿ ಕೆಲಸದವನು ಹಗಲು ಮಲಗುತ್ತಾನೆ. ಮಾರ್ಚ್ 31ಕ್ಕೆ ನಾಯಿಫ್ ಮತ್ತು ಅಲ್ ರಾಸ್‌ಗಳನ್ನು ಪೂರ್ತಿ ಮುಚ್ಚಿದರು. ಸುತ್ತಲಿನ ಮೆಟ್ರೋ ಸ್ಟೇಷನ್‌ಗಳು ಬಂದ್. ಏಪ್ರಿಲ್ 4ರಿಂದ ಇಡೀ ದುಬೈಗೇ 24 ಗಂಟೆಯ ನಿರ್ಬಂಧ ಬಂತು, ಸಾಮಾನು ತರಲು ಹೊರಗೆ ಹೋಗಬೇಕಾದರೂ ಪರ್ಮಿಟ್. ಆಗ ಎಂಟೂ ಜನ, ಇಪ್ಪತ್ತನಾಲ್ಕು ಗಂಟೆ, ಅದೇ ರೂಮಿನಲ್ಲಿ. ಬಾತ್‌ರೂಮು ಒಂದೇ, ಅದೂ ಪಕ್ಕದ ರೂಮಿನವರ ಜೊತೆ ಪಾಲು. 'ಮನೆಯೊಳಗೇ ಇರಿ, ಆರು ಅಡಿ ದೂರ ಇರಿ' ಎಂಬ ಆದೇಶ ಮನೆ ಇದ್ದವರಿಗೆ ಬರೆದದ್ದು. ಬೆಡ್ ಮಾತ್ರ ಇದ್ದವನು ಆರು ಅಡಿ ಎಲ್ಲಿಂದ ತರಬೇಕು? ಅವನ ಬೆಡ್ ಇರುವುದೇ ಆರು ಅಡಿ.

ಒಬ್ಬನಿಗೆ ಕೆಮ್ಮು ಬಂದರೆ ಏನಾಗುತ್ತದೆ? ನನಗೆ ಫೋನ್ ಮಾಡಿದ ಒಬ್ಬ ಯುವಕ ಹೇಳಿದ್ದು: ಮೊದಲ ಎರಡು ದಿನ ಅವನು ತಲೆದಿಂಬಿಗೆ ಬಾಯಿ ಒತ್ತಿ ಕೆಮ್ಮಿದ, ಉಳಿದವರು ಕೇಳಿಸದ ಹಾಗೆ ಮಲಗಿದ್ದರು. ಮೂರನೇ ದಿನ ರೂಮಿನ ಹಿರಿಯ, ಮಲಪ್ಪುರಂ ಕಡೆಯವರು, ಎದ್ದು ಬಿಸಿನೀರು ಮಾಡಿ ಕೊಟ್ಟರು. ಆಮೇಲೆ ಎಲ್ಲರೂ ಮಾತಾಡಿ, ಕಿಟಕಿ ಹತ್ತಿರದ ಕೆಳಗಿನ ಬೆಡ್ ಅವನಿಗೆ ಬಿಟ್ಟುಕೊಟ್ಟು ನಡುವೆ ಬೆಡ್‌ಶೀಟ್ ಕಟ್ಟಿದರು. ಅದೇ ಐಸೋಲೇಷನ್. ಟೆಸ್ಟ್ ಆಗಿ ರಿಸಲ್ಟ್ ಬರುವವರೆಗೆ ಆ ಬೆಡ್‌ಶೀಟೇ ಗೋಡೆ.

ಮುಂದೆ ವರ್ಸಾನ್‌ನಲ್ಲಿ ಖಾಲಿ ಇದ್ದ ಕಟ್ಟಡಗಳನ್ನು ಐಸೋಲೇಷನ್ ಕೇಂದ್ರ ಮಾಡಿದರು. ಪಾಸಿಟಿವ್ ಬಂದವರನ್ನು ರೂಮಿನಿಂದ ಹೊರತಂದು ಅಲ್ಲಿಗೆ ಮುಟ್ಟಿಸಲು ಅಲ್ಲಿನ ಸರಕಾರದ ಜೊತೆ ಕೆಎಂಸಿಸಿಯಂಥ ಸಂಘಟನೆಗಳ ಹುಡುಗರು ಓಡಾಡಿದರು. ನಮ್ಮ ಬಿಸಿಎಫ್, ಕೆಸಿಎಫ್‌ಗಳ ಕಾರ್ಯಕರ್ತರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹೊತ್ತು ಕಟ್ಟಡದ ಮೆಟ್ಟಿಲು ಹತ್ತಿದರು. ಅವರಲ್ಲಿ ಕೆಲವರಿಗೇ ರೋಗ ಹಿಡಿಯಿತು. ರೋಗ ಹಿಡಿದವರನ್ನು ಹೊರತಂದ ಮೇಲೆ ರೂಮಿನ ದಟ್ಟಣೆ ತಗ್ಗಿತು, ಏಪ್ರಿಲ್ ಕೊನೆಯ ವಾರ ನಾಯಿಫ್‌ನ ನಿರ್ಬಂಧವನ್ನೂ ತೆಗೆದರು. ಇದನ್ನು ನಾವು ಗಮನಿಸಬೇಕು. ಗಲ್ಲಿಗೆ ಬೇಲಿ ಹಾಕಿದ್ದಷ್ಟೇ ಕೆಲಸ ಮಾಡಿದ್ದಲ್ಲ, ರೂಮಿನಿಂದ ಜನರನ್ನು ಬಿಡಿಸಿ ಜಾಗ ಕೊಟ್ಟದ್ದು ಕೆಲಸ ಮಾಡಿತು.

ಕಿಟ್ ಬರುವುದಕ್ಕೂ ಮೊದಲು ಹೊಟ್ಟೆಗೆ ಹಾಕಿದವನು ಕೆಳಗಿನ ಗ್ರೋಸರಿಯವನು. ಖುಬೂಸ್, ಮೊಟ್ಟೆ, ಫೋನ್ ಕಾರ್ಡ್, ಎಲ್ಲವೂ ಪುಸ್ತಕದಲ್ಲಿ ಬರೆದು ಸಾಲ. ಅವನಿಗೂ ಅಂಗಡಿ ಬಾಡಿಗೆ ಕಟ್ಟಲಿಕ್ಕಿದೆ, ಅವನಿಗೂ ಊರಲ್ಲಿ ಮನೆ ಇದೆ. ಆ ಸಾಲದ ಪುಸ್ತಕಗಳ ಬಗ್ಗೆ ಯಾವ ಸರಕಾರದ ಬುಲೆಟಿನ್‌ನಲ್ಲೂ ಒಂದು ಸಾಲಿಲ್ಲ.

ರಮಝಾನ್‌ನದು ಬೇರೆಯೇ ಕಷ್ಟ. ಯುಎಇಯಲ್ಲಿ ಮಾರ್ಚ್ 16ಕ್ಕೇ ಮಸೀದಿ ಮುಚ್ಚಿ, ಬಾಂಗ್‌ನಲ್ಲಿ ಮನೆಯಲ್ಲೇ ನಮಾಝ್ ಮಾಡಿ ಎಂಬ ಮಾತು ಸೇರಿತ್ತು. ಅದನ್ನು ಮೊದಲ ಸಲ ಕೇಳಿದಾಗ ರೂಮಿನಲ್ಲಿ ಯಾರೂ ಮಾತಾಡಲಿಲ್ಲ ಎಂದು ಒಬ್ಬರು ಹೇಳಿದರು. ಆದರೆ ಬೇರೆ ವರ್ಷ ರಮಝಾನ್ ಬಂತೆಂದರೆ ಕಡಿಮೆ ಸಂಬಳದ ಹುಡುಗರಿಗೆ ಒಂದು ಅನುಕೂಲವೂ ಇತ್ತು. ಮಸೀದಿ ಪಕ್ಕದ ಇಫ್ತಾರ್ ಟೆಂಟ್‌ಗಳಲ್ಲಿ ತಿಂಗಳಿಡೀ ಬಿರಿಯಾನಿ, ಹಣ್ಣು, ಲಬನ್. ಊಟದ ಖರ್ಚು ಉಳಿಯುತ್ತಿತ್ತು, ಹಾಗೆ ಉಳಿದ ದುಡ್ಡೇ ಪೆರ್ನಾಲ್‌ಗೆ ಊರಿನ ಮಕ್ಕಳ ಹೊಸ ಬಟ್ಟೆಯಾಗುತ್ತಿತ್ತು. 2020ರಲ್ಲಿ ಟೆಂಟೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಮೇ 24ಕ್ಕೆ ಕರಾವಳಿಯಲ್ಲಿ, ಮೇ 25ಕ್ಕೆ ಮಂಡ್ಯ ಕಡೆ ಈದ್ ಆದಾಗ ಹೊಸ ಬಟ್ಟೆ ಬೇಡ ಎಂದು ನಾವೆಲ್ಲ ಹೇಳಿಕೊಂಡೆವಲ್ಲ, ಎಷ್ಟೋ ಮನೆಗಳಲ್ಲಿ ಅದು ನಿರ್ಧಾರ ಆಗಿರಲಿಲ್ಲ. ದುಡ್ಡೇ ಇರಲಿಲ್ಲ.

ಇದು ದುಬೈಯ ಕಥೆ ಮಾತ್ರ ಅಲ್ಲ. ಮಾರ್ಚ್ ಮಧ್ಯದಲ್ಲಿ ಖತರ್ ಮುಚ್ಚಿದ್ದು ದೋಹಾದ ಇಂಡಸ್ಟ್ರಿಯಲ್ ಏರಿಯಾವನ್ನು, ಅಂದರೆ ಕೂಲಿಯಾಳುಗಳ ಕ್ಯಾಂಪ್‌ಗಳಿರುವ ಬೀದಿಗಳನ್ನು. ಕುವೈತ್ ಏಪ್ರಿಲ್ 6ಕ್ಕೆ ಬೇಲಿ ಹಾಕಿದ್ದು ಜಲೀಬ್ ಮತ್ತು ಮಹಬೂಲಾಕ್ಕೆ. ಅಲ್ಲಿಯೂ ಇರುವುದು ನಮ್ಮ ಕಡೆಯವರು, ಬಾಂಗ್ಲಾದವರು, ಈಜಿಪ್ಟಿನವರು. ಎರಡು ತಿಂಗಳು ದಾಟಿದರೂ ಆ ಬೇಲಿ ತೆಗೆದಿರಲಿಲ್ಲ. ಸಿಂಗಾಪುರದ ಉದಾಹರಣೆ ಇದಕ್ಕಿಂತ ಸ್ಪಷ್ಟ. ಫೆಬ್ರವರಿಯಲ್ಲಿ ಇಡೀ ಜಗತ್ತು ಆ ದೇಶವನ್ನು ಹೊಗಳುತ್ತಿತ್ತು. ಏಪ್ರಿಲ್‌ನಲ್ಲಿ ಅಲ್ಲಿ ಪ್ರಕರಣ ಏರಿದ್ದು ಸುಮಾರು 3 ಲಕ್ಷ ವಲಸೆ ಕಾರ್ಮಿಕರು ಇರುವ ಡಾರ್ಮಿಟರಿಗಳಲ್ಲಿ. ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅಲ್ಲಿಯವೇ. ಅಲ್ಲಿನ ಸರಕಾರ ಆಗ ಪ್ರತಿದಿನ ಎರಡು ಅಂಕೆ ಕೊಡುತ್ತಿತ್ತು: ಡಾರ್ಮಿಟರಿಯದ್ದು ಒಂದು, 'ಸಮುದಾಯ'ದ್ದು ಇನ್ನೊಂದು. ನಗರದ ಕಟ್ಟಡಗಳನ್ನೆಲ್ಲ ಕಟ್ಟಿದವರು ಆ 'ಸಮುದಾಯ'ದಲ್ಲಿ ಇರಲಿಲ್ಲ.

ಪ್ರತ್ಯೇಕ ಕಾಲಂ ಎಂದರೆ ಏನೆಂದು ನಮಗೆ ಸಿಂಗಾಪುರದವರು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ನಮ್ಮ ದೇಶದ ದಿನದ ಲೆಕ್ಕದಲ್ಲೇ ದಿಲ್ಲಿಯ ಮರ್ಕಝ್‌ಗೆ ಸಂಬಂಧಿಸಿದ್ದೆಷ್ಟು ಎಂದು ಬೇರೆ ಅಂಕೆ ಬರುತ್ತಿತ್ತು. ಮಂಡ್ಯ ಜಿಲ್ಲೆಯ ಮೊದಲ ಪಾಸಿಟಿವ್‌ಗಳು ಅದೇ ತಿಂಗಳ ಮೊದಲ ವಾರ ಮಳವಳ್ಳಿಯಲ್ಲಿ ಸಿಕ್ಕಿದವು, ತಬ್ಲೀಗ್‌ನವರ ಸಂಪರ್ಕದಿಂದ. ಮಳವಳ್ಳಿಯ ನಮ್ಮ ಬೀದಿಗಳಿಗೆ ಬ್ಯಾರಿಕೇಡ್ ಬಿತ್ತು. ಅದು ಬೇಕಾಗಿತ್ತು, ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಬ್ಯಾರಿಕೇಡ್‌ನ ಹೊರಗೆ ಇದ್ದ, ದಿಲ್ಲಿಯ ಮುಖವನ್ನೇ ನೋಡದ ಹಣ್ಣಿನ ಗಾಡಿಯವನಿಗೆ 'ನಿಮ್ಮೋರೇ ತಂದಿದ್ದು ಕಣ್ರೀ ಸಾಬ್ರೇ, ಈ ಕಡೆ ಬರ್ಬೇಡಿ' ಎಂದು ಹೇಳಿ ವಾಪಸ್ ಕಳಿಸಿದರಲ್ಲ, ಅದು ಯಾವ ಆರೋಗ್ಯ ಇಲಾಖೆಯ ನಿಯಮ? ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಆ ಹೊತ್ತಿಗೆ ಟಿವಿಯಲ್ಲೇ, ಎಲ್ಲೋ ಒಂದು ಘಟನೆ ಹಿಡಿದು ಇಡೀ ಸಮುದಾಯವನ್ನು ದೂರಬೇಡಿ ಎಂದು ಎಚ್ಚರಿಸಿದರು. ಆ ಮಾತನ್ನು ನೆನೆಯಲೇಬೇಕು. ಬೀದಿಗೆ ಅದು ತಲುಪಲು ಮಾತ್ರ ತುಂಬ ದಿನ ಹಿಡಿಯಿತು.

ಮೇ ತಿಂಗಳಲ್ಲಿ ನಡೆದದ್ದು ಇನ್ನೂ ಯೋಚಿಸಬೇಕಾದದ್ದು. ಮೇ 19ರಂದು ರಾಜ್ಯದಲ್ಲಿ ಒಂದೇ ದಿನ 149 ಪ್ರಕರಣ, ಅದರಲ್ಲಿ ಅರ್ಧಕ್ಕೆ ಸಮೀಪ ಮಂಡ್ಯ ಜಿಲ್ಲೆಯದ್ದು. ಈ ಸಲ ಮಳವಳ್ಳಿ ಅಲ್ಲ, ಕೆ.ಆರ್. ಪೇಟೆ, ನಾಗಮಂಗಲದ ಕಡೆ. ತಬ್ಲೀಗ್ ಅಲ್ಲ, ಮುಂಬೈ. ಕರಾವಳಿಯವರಿಗೆ ಇದು ಸರಿಯಾಗಿ ಗೊತ್ತಿರಲಿಕ್ಕಿಲ್ಲ: ನಮಗೆ ದುಬೈ ಹೇಗೋ ಕೆ.ಆರ್. ಪೇಟೆಯ ಹಳ್ಳಿಗಳಿಗೆ ಮುಂಬೈ ಹಾಗೆ. ಹೋಟೆಲ್ ಕೆಲಸ, ಆಟೋ, ಟ್ಯಾಕ್ಸಿ. ನೀರಾವರಿ ಸಿಗದ ಹೊಲ ಬಿಟ್ಟು ತಲೆಮಾರುಗಳಿಂದ ಹೋದವರು. ಅಲ್ಲಿ ಅವರು ಇರುವುದು ಚಾಳ್‌ನ ಖೋಲಿಯಲ್ಲಿ, ಒಂದು ಖೋಲಿಗೆ ಐದಾರು ಜನ, ಪಾಯಖಾನೆ ಇಡೀ ಸಾಲಿಗೆ ಒಟ್ಟಿಗೆ. ಕೆಲಸ ನಿಂತು, ಖೋಲಿಯಲ್ಲಿ ಎಲ್ಲರೂ ಹಗಲು ರಾತ್ರಿ ಕೂಡಿ ಕೂತು, ಕೊನೆಗೆ ಊರಿಗೆ ಹೊರಟರು. ಬಂದಾಗ ಊರಿನವರು ಏನೆಂದರು? ಹಾಸ್ಟೆಲ್‌ನಲ್ಲಿ ಕ್ವಾರಂಟೈನ್ ಮಾಡಬೇಡಿ, ನಮ್ಮ ಶಾಲೆಯಲ್ಲಿ ಮಾಡಬೇಡಿ, ನಮ್ಮೂರ ಹತ್ತಿರವೇ ಬೇಡ. 'ಮುಂಬೈನೋರು ತಂದ್ರು.' ಒಂದೂವರೆ ತಿಂಗಳ ಹಿಂದೆ ನಮ್ಮ ಹಣ್ಣಿನ ಗಾಡಿಯವನಿಗೆ ಹೇಳಿದ ಅದೇ ಮಾತು, ಒಂದು ಪದ ಮಾತ್ರ ಬದಲು. ಈ ಸಲ ಕೇಳಿಸಿಕೊಂಡವರು ಅದೇ ಹಳ್ಳಿಯ ಒಕ್ಕಲು ಮನೆಯ ಮಕ್ಕಳು.

ಆ ಹೊತ್ತಿನಲ್ಲಿ ನಮ್ಮಲ್ಲಿ ಕೆಲವರಿಗೆ ಒಳಗೊಳಗೇ ಒಂದು ಸಮಾಧಾನ ಆದದ್ದನ್ನು ನಾನು ಕಂಡಿದ್ದೇನೆ. 'ಈಗ ಗೊತ್ತಾಯ್ತಲ್ಲ ಅವರಿಗೆ' ಎಂಬ ಮಾತು ಚಹಾದ ಅಂಗಡಿಯಲ್ಲಿ ಕೇಳಿದೆ. ಇದು ಸಣ್ಣತನ. ಅದೇ ವಾರ ಬಜ್ಪೆಯಲ್ಲಿ ಇಳಿದ ನಮ್ಮ ಹುಡುಗರ ಬಗ್ಗೆ ನಾವೇ ಏನು ಹೇಳುತ್ತಿದ್ದೆವು ಎಂದು ಮೇಲೆ ಬರೆದಿದ್ದೇನೆ.

ನಾಯಿಫ್‌ನ ರೋಗವನ್ನು ಬೇರೆ ರೀತಿಯಲ್ಲಿ ಎದುರಿಸಿದ ಊರು ನಮ್ಮ ಮಗ್ಗುಲಲ್ಲೇ ಇದೆ. ಮಾರ್ಚ್‌ನಲ್ಲಿ ಕಾಸರಗೋಡಿಗೆ ಬಂದ ಪ್ರಕರಣಗಳಲ್ಲಿ ದೊಡ್ಡ ಪಾಲು ದುಬೈಯ ಅದೇ ನಾಯಿಫ್‌ನಿಂದ ಬಂದವರದ್ದು. ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಆ ಕಡೆಯ ಬೇರೆ ರೋಗಿಗಳಲ್ಲಿ ಕೆಲವರು ಚಿಕಿತ್ಸೆ ಸಿಗದೆ ಸತ್ತರು. ಅದು ನಮ್ಮ ರಾಜ್ಯಕ್ಕೆ ಗೌರವ ತಂದ ವಿಷಯವಲ್ಲ. ಆದರೆ ಕಾಸರಗೋಡಿನಲ್ಲಿ ಮನೆಮನೆಗೆ ಆಶಾ ಕಾರ್ಯಕರ್ತೆಯರು ಹೋದರು, ವಾರ್ಡ್ ಮಟ್ಟದಲ್ಲಿ ಸಮಿತಿ ಕೂತಿತು, ಕ್ವಾರಂಟೈನ್‌ನಲ್ಲಿದ್ದವನ ಮನೆಗೆ ಸಾಮುದಾಯಿಕ ಅಡುಗೆಮನೆಯಿಂದ ಊಟ ಬಂತು. ಮೇ 10ರ ಹೊತ್ತಿಗೆ ಸೋಂಕು ತಗಲಿದ್ದ 178 ಮಂದಿಯೂ ಗುಣವಾಗಿ ಮನೆಗೆ ಹೋದರು, ಒಬ್ಬರೂ ಸಾಯಲಿಲ್ಲ. ಆಮೇಲೆ ಹೊಸ ಪ್ರಕರಣ ಬಂದವು. ಆದರೂ ಗಲ್ಫ್‌ನಿಂದ ಬಂದವನನ್ನು ಅಪರಾಧಿ ಮಾಡದೆ ರೋಗ ಹಿಡಿತಕ್ಕೆ ತರಬಹುದು ಎಂಬುದಕ್ಕೆ ತಲಪಾಡಿಯ ಆಚೆಯೇ ಪುರಾವೆ ಇದೆ.

ಆನ್‌ಲೈನ್ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ: ರೋಗ ಇರುವ ಊರಿಂದ ಹೊರಡಬಾರದು ಅಂತ ಇದೆಯಲ್ಲ ಉಸ್ತಾದ್, ಹಾಗಾದ್ರೆ ಮಾಮ ಬಂದದ್ದು ತಪ್ಪಾ? ಹಿಜರಿ 18ರ ಅಮ್ವಾಸ್ ಪ್ಲೇಗ್‌ನ ಸಂಗತಿ ಹೇಳಿದೆ. ಖಲೀಫಾ ಉಮರ್ ಸರ್ಗ್‌ವರೆಗೆ ಹೋಗಿ, ಸಮಾಲೋಚನೆ ಮಾಡಿ, ಶಾಮ್‌ಗೆ ಕಾಲಿಡದೆ ಹಿಂತಿರುಗಿದರು. ಅಬೂ ಉಬೈದಾ ತಮ್ಮ ಜನರ ಜೊತೆ ಅಲ್ಲೇ ಉಳಿದರು, ಅದೇ ರೋಗದಲ್ಲಿ ತೀರಿಕೊಂಡರು. ಇಬ್ಬರನ್ನೂ ಯಾರೂ ದೂರಲಿಲ್ಲ. ಮುಂದೆ ಅಲ್ಲಿನ ನಾಯಕತ್ವ ವಹಿಸಿದ ಅಮ್ರ್ ಇಬ್ನುಲ್ ಆಸ್ ಜನರನ್ನು ಒತ್ತಾದ ಜಾಗದಿಂದ ಬೆಟ್ಟಗಳಿಗೆ ಚದುರಿಸಿದರು, ರೋಗ ಇಳಿಯಿತು. ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ಆ ವರ್ಸಾನ್ ನೋಡಿ! ಟೆಸ್ಟ್ ಮಾಡಿಸಿಕೊಂಡು, ಕ್ವಾರಂಟೈನ್ ಮುಗಿಸಿ ಮನೆಗೆ ಬರುವವನು ರೋಗ ಹೊತ್ತು ಓಡಿ ಬಂದವನಲ್ಲ ಎಂದು ಹುಡುಗನಿಗೆ ಹೇಳಿದೆ.

ಇನ್ನು ಬಂದವರ ಮುಂದಿನ ಬದುಕು. ಎಲ್ಲಕ್ಕಿಂತ ಕಡಿಮೆ ಚರ್ಚೆ ಆದದ್ದು ಇದೇ. ವಂದೇ ಭಾರತ್ ವಿಮಾನದ ಟಿಕೆಟ್ ಪ್ರಯಾಣಿಕನದ್ದೇ ಖರ್ಚಾಗಿತ್ತು. ಏಳು ದಿನದ ಸಾಂಸ್ಥಿಕ ಕ್ವಾರಂಟೈನ್ ಅವನದ್ದೇ ಖರ್ಚಾಗಿತ್ತು, ಆಮೇಲೆ ಏಳು ದಿನ ಮನೆಯಲ್ಲಿ ಇರಬೇಕಾಗಿತ್ತು. ರಾಯಭಾರ ಕಚೇರಿಗಳು ಪಾಸ್‌ಪೋರ್ಟ್, ವೀಸಾ ಸೇವೆಗಳ ಮೇಲೆ ಶುಲ್ಕ ಕೂಡಿಸಿಟ್ಟ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ. ಇಂಥ ಹೊತ್ತಿಗಲ್ಲದೆ ಯಾವ ಹೊತ್ತಿಗೆ ಅದು? ಮೇ 6ರಂದು ನಮ್ಮ ರಾಜ್ಯ ಸರಕಾರ 1,610 ಕೋಟಿಯ ಪ್ಯಾಕೇಜ್ ಘೋಷಿಸಿ ಕ್ಷೌರಿಕರು, ಅಗಸರು, ಆಟೋ ಚಾಲಕರಿಗೆ ತಲಾ 5,000 ರೂಪಾಯಿ ಎಂದಿತು. ಒಳ್ಳೆಯದು. ಗಲ್ಫ್‌ನಿಂದ ಕೆಲಸ ಕಳಕೊಂಡು ಬಂದವನು ಆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೇರಳದಲ್ಲಿ 1996ರಿಂದಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆ ಇದೆ. 2020ರ ಜನವರಿಯಿಂದೀಚೆಗೆ ಬಂದು ಹಿಂತಿರುಗಲಾಗದವರಿಗೆ ಅದು 5,000 ರೂಪಾಯಿ ಘೋಷಿಸಿತು. ಮೊತ್ತ ದೊಡ್ಡದಲ್ಲ. ಆದರೆ ಹೆಸರು ಬರೆದುಕೊಳ್ಳಲು ಒಂದು ಪುಸ್ತಕವಾದರೂ ಇದೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಬೆಡ್‌ಸ್ಪೇಸ್‌ನಲ್ಲಿ ಮಲಗಿದವನಿಗೆ ಅದರ ಬಾಗಿಲು ಯಾವ ಕಡೆ ಎಂದು ಗೊತ್ತಿಲ್ಲ.

ಇಲ್ಲಿ ಜಮಾಅತ್‌ಗಳು ಮಾಡಬಹುದಾದ ಕೆಲಸ ಇದೆ, ಅದಕ್ಕೆ ದೊಡ್ಡ ಸಭೆ ಬೇಕಾಗಿಲ್ಲ. ನಮ್ಮ ಮನೆಗಳೂ ಏನು ದೊಡ್ಡ ಬಂಗಲೆಗಳಲ್ಲ. ಮದ್ದೂರಿನಲ್ಲಿ ಬಾಡಿಗೆಗಿರುವ ಎರಡು ಕೋಣೆಯ ಮನೆಗೆ, ಉಮ್ಮ, ಹೆಂಡತಿ, ಮೂರು ಮಕ್ಕಳ ನಡುವೆ, ಮನೆ ಕ್ವಾರಂಟೈನ್‌ಗೆ ಒಬ್ಬ ಬಂದರೆ ಅಲ್ಲಿ ಮತ್ತೆ ನಾಯಿಫ್‌ನ ರೂಮೇ ಆಯಿತು.  ಬಾತ್‌ರೂಮು ಇರುವ ಮದ್ರಸದ ಒಂದು ಕೋಣೆಯನ್ನು, ತಾಲೂಕು ಆರೋಗ್ಯಾಧಿಕಾರಿಗೆ ತಿಳಿಸಿ, ಅಂಥವನಿಗೆ ಏಳು ದಿನ ಬಿಟ್ಟುಕೊಡಬಹುದು. ಬೀದಿಯಿಂದ ಒಬ್ಬ ಸಾಮಾನು ತಂದು ಬಾಗಿಲಲ್ಲಿಟ್ಟು ಬರಬಹುದು. ಅಗತ್ಯ ಇದ್ದರೆ ಕೆ.ಆರ್. ಪೇಟೆಯ ಕಡೆಯವರಿಗೂ ಆ ಕೋಣೆ ಕೊಡಬಹುದು, ಯಾಕೆ ಕೊಡಬಾರದು? ಬಾಕಿ ಸಂಬಳ, ಗ್ರಾಚುಯಿಟಿ ಇರುವವರು ಬರುವ ಮುಂಚೆಯೇ ಕೆಲಸದ ಕರಾರು, ಸಂಬಳದ ಚೀಟಿ, ವೀಸಾ ಪ್ರತಿಗಳನ್ನು ಫೋಟೋ ತೆಗೆದು ಮನೆಗೆ ಕಳಿಸಿಡಲಿ. ಅಲ್ಲೇ ಉಳಿಯುವ ನಂಬಿಕಸ್ಥನೊಬ್ಬನಿಗೆ ಅಧಿಕಾರ ಪತ್ರ ಕೊಟ್ಟು ಬರಲಿ. 'ರಾಜೀನಾಮೆ' ಎಂದು ಬರೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ ಎಂದು ಮನೆಯ ಹೆಂಗಸರು ಫೋನಿನಲ್ಲಿ ಒತ್ತಿ ಹೇಳಬೇಕು, ಅವರು ಹೇಳಿದರೆ ಕೇಳುತ್ತಾರೆ. ಪ್ರಯಾಣಿಕರ ಪಟ್ಟಿ, ಪಾಸಿಟಿವ್ ಬಂದವರ ಹೆಸರು ಗ್ರೂಪಿಗೆ ಬಂದರೆ ಅಡ್ಮಿನ್ ಅಳಿಸಲಿ.

ಹೆಂಗಸರ ಮೇಲೆ ಬಿದ್ದ ಭಾರದ ಬಗ್ಗೆ ಒಂದು ಮಾತು. ಏಪ್ರಿಲ್‌ನಿಂದ ದುಡ್ಡು ಬಾರದ ಮನೆಗಳಲ್ಲಿ ಬಾಡಿಗೆ ಕಟ್ಟಿದ್ದು ಅವರ ಬಳೆ. ಗಂಡನಿಗೆ ಫೋನಿನಲ್ಲಿ 'ಇಲ್ಲಿ ಎಲ್ಲ ಸರಿಯಿದೆ' ಎಂದರು, ಅವನು ಅಲ್ಲಿಂದ 'ನನಗೂ ಏನಿಲ್ಲ' ಎಂದ. ನನಗೆ ಇಬ್ಬರ ಫೋನೂ ಬರುತ್ತಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದೋ ಬೇಡವೋ ಎಂಬುದಕ್ಕೆ ನನ್ನ ಕಿತಾಬುಗಳಲ್ಲಿ ಉತ್ತರ ಸಿಗಲಿಲ್ಲ.

ತಲೆದಿಂಬಿಗೆ ಬಾಯಿ ಒತ್ತಿ ಕೆಮ್ಮಿದ ಆ ಯುವಕ ಈಗ ಗುಣವಾಗಿದ್ದಾನೆ, ಊರಿನಲ್ಲಿದ್ದಾನೆ. ಮನೆ ಕ್ವಾರಂಟೈನ್‌ನ ಏಳು ದಿನ ಮೊನ್ನೆ ಮುಗಿಯಿತು. ಇಲ್ಲೇ ಏನಾದರೂ ನೋಡು, ಮದ್ದೂರಿನಿಂದ ಎಳನೀರು ಲೋಡ್ ಮತ್ತೆ ಹೋಗುತ್ತಿದೆ, ಅಲ್ಲಿ ಲೆಕ್ಕ ಬರೆಯುವ ಕೆಲಸ ಸಿಗಬಹುದು ಎಂದು ಹೇಳಿದೆ. ಆಗಲಿ ಉಸ್ತಾದ್ ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದೇರಾದಿಂದ ರೂಮಿನವರ ಮೆಸೇಜ್ ಬಂದಿದೆ ಎಂದ. ಕಿಟಕಿ ಹತ್ತಿರದ ಕೆಳಗಿನ ಬೆಡ್ ಅವನಿಗೇ ಇಟ್ಟಿರಬೇಕಾದರೆ ಜುಲೈ ತಿಂಗಳ ಬಾಡಿಗೆ ಈಗಲೇ ಕಳಿಸಬೇಕಂತೆ. ಯಾರಲ್ಲಾದರೂ ಸಾಲ ಸಿಗಬಹುದಾ ಎಂದು ಕೇಳಿದ.